ಒತ್ತೆ ಇಟ್ಟ ಮನೆ ಬಿಡಿಸಿಕೊಳ್ಳುವ ಹಕ್ಕು: ಕಲ್ಯಾಣದಿಂದ ಬ್ಯಾಂಕಿನವರೆಗೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ 'ಮನೆ ಭೋಗ್ಯಕ್ಕೆ ಇದೆ' ಎಂಬ ಫಲಕ ಕಾಣಸಿಗುವುದು ಅಪರೂಪವಲ್ಲ. ಮನೆಯ ಮಾಲೀಕ ಕೆಲವು ಲಕ್ಷ ರೂಪಾಯಿಗಳನ್ನು ಒಟ್ಟಿಗೆ ಪಡೆಯುತ್ತಾನೆ. ಹಣ ಕೊಟ್ಟವನು ಬಾಡಿಗೆ ಇಲ್ಲದೆ ಮನೆಯಲ್ಲಿರುತ್ತಾನೆ. ಅವಧಿ ಮುಗಿದಾಗ ಹಣ ಹಿಂದಕ್ಕೆ, ಮನೆ ಹಿಂದಕ್ಕೆ. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಜನ ಇದನ್ನು 'ಲೀಸ್' ಎಂದೂ ಕರೆಯುತ್ತಾರೆ. ಆದರೆ ಭೋಗ್ಯ ಎಂಬ ಪದ ಇಂದು ನಿನ್ನೆಯದಲ್ಲ. ಧರ್ಮಶಾಸ್ತ್ರಗಳ ಕಾಲದಿಂದ ಬಂದ, ಸಾಲ ಮತ್ತು ಒತ್ತೆಗೆ ಸಂಬಂಧಿಸಿದ ಕಾನೂನಿನ ಪದ ಅದು.

ಒತ್ತೆ, ಅಡವು, ಗಿರವಿ, ಆಧಾರ, ಅಡಮಾನ ಎಂದು ಇದೇ ವ್ಯವಹಾರಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಹೆಸರು ಯಾವುದಾದರೂ ಸಾಲ ಪಡೆದವನ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಒಂದೇ: ಇಟ್ಟ ಮನೆಯನ್ನು ಬಿಡಿಸಿಕೊಳ್ಳುವುದು ಹೇಗೆ ಮತ್ತು ಎಲ್ಲಿಯವರೆಗೆ? ಈ 'ಎಲ್ಲಿಯವರೆಗೆ' ಎಂಬ ಗಡುವು ಕಾಲಕಾಲಕ್ಕೆ ಹಿಗ್ಗಿದೆ, ಕುಗ್ಗಿದೆ. ಇಂದು ಗೃಹಸಾಲ ಪಡೆದ ಪ್ರತಿಯೊಬ್ಬರಿಗೂ ಅದರ ಕಥೆ ತಿಳಿದಿರುವುದು ಒಳ್ಳೆಯದು.

ಕಲ್ಯಾಣದಲ್ಲಿ ಬರೆದ ನಿಯಮ

ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯ (1076–1126) ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ರಾಜ್ಯವಾಳುತ್ತಿದ್ದ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯ ಹಂಚಿಕೆಗಾಗಿ ಈ ಗ್ರಂಥದ ಹೆಸರು ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ. ಆದರೆ ಸಾಲ ಮತ್ತು ಒತ್ತೆಯ ಬಗ್ಗೆ ಅದರಲ್ಲಿರುವ ಭಾಗ ಅಷ್ಟು ಪ್ರಸಿದ್ಧವಲ್ಲ.

ಒತ್ತೆಗೆ ಅಲ್ಲಿನ ಹೆಸರು 'ಆಧಿ'. ಅದರಲ್ಲಿ ಎರಡು ಬಗೆ. ಸಾಲ ಕೊಟ್ಟವನು ಜೋಪಾನವಾಗಿ ಇಟ್ಟುಕೊಳ್ಳಬೇಕಾದ ವಸ್ತು ಗೋಪ್ಯ. ಅನುಭವಿಸಬಹುದಾದ ಹೊಲ, ಮನೆ, ತೋಟ ಇತ್ಯಾದಿ ಭೋಗ್ಯ. ಗೋಪ್ಯವಾಗಿ ಇಟ್ಟ ವಸ್ತುವನ್ನು ಸಾಲ ಕೊಟ್ಟವನು ಬಳಸಿದರೆ ಅವನಿಗೆ ಬಡ್ಡಿ ಇಲ್ಲ. ಸಾಲ ಬಡ್ಡಿ ಸೇರಿ ಎರಡರಷ್ಟಾದರೂ ಬಿಡಿಸಿಕೊಳ್ಳದಿದ್ದರೆ ಒತ್ತೆ ಕೈತಪ್ಪುತ್ತದೆ. ಅವಧಿ ಗೊತ್ತುಮಾಡಿದ್ದರೆ ಅವಧಿ ಮುಗಿದಾಗ ಕೈತಪ್ಪುತ್ತದೆ. ಆದರೆ ಫಲವನ್ನು ಅನುಭವಿಸಲು ಕೊಟ್ಟ ಭೋಗ್ಯ ಮಾತ್ರ ಎಂದಿಗೂ ಕೈತಪ್ಪುವುದಿಲ್ಲ. ಬಡ್ಡಿಯ ಬದಲು ಬೆಳೆಯನ್ನೋ ವಾಸವನ್ನೋ ಅವನು ಪಡೆಯುತ್ತಲೇ ಇರುವಾಗ ಆಸ್ತಿಯನ್ನೂ ನುಂಗಬಾರದು ಎಂಬುದು ಇದರ ಹಿಂದಿನ ತರ್ಕ.

ಮತ್ತೆರಡು ನಿಯಮಗಳು ಇನ್ನೂ ಸ್ವಾರಸ್ಯಕರ. ಸಾಲ ಪಡೆದವನು ಹಣ ಹಿಡಿದು ಬಂದಾಗ ಒತ್ತೆಯನ್ನು ಬಿಟ್ಟುಕೊಡಲೇಬೇಕು. ಇಲ್ಲವಾದರೆ ಸಾಲ ಕೊಟ್ಟವನನ್ನು ಕಳ್ಳನಂತೆ ಕಾಣಬೇಕು. ಸಾಲ ಕೊಟ್ಟವನು ಊರಲ್ಲಿ ಇಲ್ಲದಿದ್ದರೆ ಅವನ ಮನೆಯವರ ಬಳಿ ಹಣ ಇಟ್ಟು ಒತ್ತೆಯನ್ನು ಪಡೆಯಬಹುದು. ಈ ಎರಡೂ ನಿಯಮಗಳು ಬೇರೆ ವೇಷದಲ್ಲಿ ನಮ್ಮ ಕಾಲದಲ್ಲಿ ಮತ್ತೆ ಕಾಣಿಸಿಕೊಂಡಿರುವುದನ್ನು ಮುಂದೆ ನೋಡಬಹುದು.

ಇಂಗ್ಲೆಂಡಿನ 'ಸತ್ತ ಒತ್ತೆ'

ಅಡಮಾನಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಮಾರ್ಟ್‌ಗೇಜ್' ಹಳೆಯ ಫ್ರೆಂಚ್ ಪದ. ಅದರ ಅರ್ಥ 'ಸತ್ತ ಒತ್ತೆ'. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆಸ್ತಿಯನ್ನು ಸಾಲ ಕೊಟ್ಟವನ ಹೆಸರಿಗೆ ಬರೆದುಕೊಡಬೇಕಿತ್ತು. ಗೊತ್ತಾದ ದಿನ ಹಣ ಕಟ್ಟದಿದ್ದರೆ ಆಸ್ತಿ ಸಾಲಿಗನ ಪಾಲಿಗೆ ಸತ್ತಂತೆಯೇ. ಒಂದು ದಿನ ತಡವಾದರೂ ಕೇಳುವವರಿರಲಿಲ್ಲ.

ಇದರ ಕ್ರೌರ್ಯವನ್ನು ತಗ್ಗಿಸಿದ್ದು ಅಲ್ಲಿನ ಚಾನ್ಸರಿ ನ್ಯಾಯಾಲಯ. ಬರೆದುಕೊಟ್ಟಿದ್ದು ಸಾಲದ ಭದ್ರತೆಗಾಗಿಯೇ ಹೊರತು ಮಾರಾಟಕ್ಕಲ್ಲ ಎಂದು ಅದು ಹದಿನೇಳನೇ ಶತಮಾನದಲ್ಲಿ ಹೇಳತೊಡಗಿತು. ಗಡುವು ಮೀರಿದ್ದರೂ ಅಸಲು, ಬಡ್ಡಿ, ಖರ್ಚು ಕೊಟ್ಟರೆ ಆಸ್ತಿ ಬಿಡಿಸಿಕೊಳ್ಳಬಹುದು ಎಂದಾಯಿತು. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನವೇ ಎಂಬ ಸೂತ್ರ ಹುಟ್ಟಿದ್ದು ಹೀಗೆ. ಬಿಡಿಸಿಕೊಳ್ಳುವ ಹಕ್ಕಿಗೆ ಅಡ್ಡಿಯಾಗುವ ಷರತ್ತನ್ನು ಸಾಲಿಗನೇ ಸಹಿ ಹಾಕಿ ಒಪ್ಪಿದ್ದರೂ ಅದು ನಿಲ್ಲುವುದಿಲ್ಲ. ಕಷ್ಟದಲ್ಲಿರುವವನು ಎಂಥ ಕಾಗದಕ್ಕೂ ಸಹಿ ಹಾಕುತ್ತಾನೆ ಎಂಬುದು ನ್ಯಾಯಾಧೀಶರಿಗೆ ಗೊತ್ತಿತ್ತು.

ಸುಟ್ಟುಹೋದ ಪತ್ರಗಳು

ಭಾರತಕ್ಕೆ ಈ ಔದಾರ್ಯ ತಡವಾಗಿ ಬಂತು. ಮದ್ರಾಸ್ ಪ್ರಾಂತ್ಯದ ಒಂದು ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ 1870ರ ಸುಮಾರಿಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಷರತ್ತಿನ ಕ್ರಯವಾಗಿ ಬರೆದ ಅಡಮಾನದಲ್ಲಿ ಗಡುವು ಮೀರಿದರೆ ಆಸ್ತಿ ಹೋದಂತೆಯೇ ಎಂದು ಅದು ಹೇಳಿತು. ಇಂಥ ಪತ್ರಗಳು ಹಳ್ಳಿಹಳ್ಳಿಗಳಲ್ಲಿ ಇದ್ದವು.

ಮುಂಬೈ ಪ್ರಾಂತ್ಯದಲ್ಲಿ ಸಿಟ್ಟು ಬೀದಿಗೆ ಬಂತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ ಯುದ್ಧ ಮುಗಿದ ಮೇಲೆ ಕುಸಿಯಿತು. ಕಂದಾಯದ ಹೊರೆ ಹೆಚ್ಚಿತ್ತು. ಸಾಲ ಬೆಳೆಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕಿದ್ದನ್ನು ಬೆಂಕಿಗೆ ಹಾಕಿದರು. ದಂಗೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದಲ್ಲಿ ಇದು 'ದಖನ್ ದಂಗೆ' ಎಂದು ಹೆಸರಾಗಿದೆ.

ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಪತ್ರದಲ್ಲಿ ಏನು ಬರೆದಿದೆ ಎಂಬುದಷ್ಟನ್ನೇ ನೋಡದೆ, ಕೊಟ್ಟ ಹಣ ಎಷ್ಟು, ಬಡ್ಡಿ ಎಷ್ಟು ಎಂದು ವ್ಯವಹಾರದ ಮೂಲವನ್ನು ಕೆದಕುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿತು. ಮೂರು ವರ್ಷಗಳ ನಂತರ, 1882ರಲ್ಲಿ, ಸ್ವತ್ತು ವರ್ಗಾವಣೆ ಕಾಯಿದೆ ಜಾರಿಗೆ ಬಂತು. ಇಂದಿಗೂ ನಮ್ಮ ಅಡಮಾನಗಳನ್ನು ಆಳುತ್ತಿರುವುದು ಈ ಕಾಯಿದೆಯೇ.

ಅದರ 60ನೇ ಕಲಮು ಬಿಡಿಸಿಕೊಳ್ಳುವ ಹಕ್ಕನ್ನು ಬರಹಕ್ಕಿಳಿಸಿತು. ಸಾಲದ ಹಣ ಕೊಟ್ಟರೆ ಪತ್ರಗಳನ್ನೂ ಸ್ವಾಧೀನವನ್ನೂ ಹಿಂತಿರುಗಿಸಬೇಕು. ಸಾಲ ಕೊಟ್ಟವನು ಹಣ ಪಡೆಯಲು ಒಪ್ಪದಿದ್ದರೆ ಅದನ್ನು ನ್ಯಾಯಾಲಯದಲ್ಲಿ ಠೇವಣಿ ಇಡಲು 83ನೇ ಕಲಮು ಅವಕಾಶ ಕೊಟ್ಟಿತು. ಹಾಗೆ ಇಟ್ಟ ಮೇಲೆ ಬಡ್ಡಿ ನಿಲ್ಲುತ್ತದೆ. ಸಾಲ ಕೊಟ್ಟವನ ಮನೆಯಲ್ಲಿ ಹಣ ಇಟ್ಟು ಒತ್ತೆ ಬಿಡಿಸುವ ಕಲ್ಯಾಣದ ಕಾಲದ ನಿಯಮಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

1929ರ ತಿದ್ದುಪಡಿ ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಹಣ ಕೊಟ್ಟರೆ ಆಸ್ತಿ ಹಿಂದಕ್ಕೆ ಕೊಡುತ್ತೇನೆ ಎಂಬ ಷರತ್ತು ಕ್ರಯಪತ್ರದಲ್ಲೇ ಇದ್ದರೆ ಮಾತ್ರ ಅದು ಅಡಮಾನ. ಬೇರೆ ಕಾಗದದಲ್ಲಿ ಬರೆದುಕೊಂಡರೆ ಅಲ್ಲ. ಸಾಲಕ್ಕಾಗಿ ಕ್ರಯಪತ್ರ ಬರೆದುಕೊಟ್ಟು ಮೋಸ ಹೋಗುವವರು ಗಮನಿಸದೆ ಬಿಡುವ ಅಂಶ ಇದೇ. ಇನ್ನೊಂದು, ಸಾಲಿಗ ಬಯಸಿದರೆ ಹಣ ತೀರಿಸಿ ಅಡಮಾನವನ್ನು ತಾನು ಹೇಳಿದ ಮೂರನೆಯವರಿಗೆ ವರ್ಗಾಯಿಸುವಂತೆ ಕೇಳಬಹುದು. ಇಂದು ಒಂದು ಬ್ಯಾಂಕಿನ ಸಾಲವನ್ನು ಕಡಿಮೆ ಬಡ್ಡಿಯ ಇನ್ನೊಂದು ಬ್ಯಾಂಕಿಗೆ ಸಾಗಿಸುವ ಪದ್ಧತಿಯ ಬೇರು ಇಲ್ಲಿದೆ.

ಭೋಗ್ಯದ ಹಳೆಯ ನಿಯಮವೂ ಸಾಯಲಿಲ್ಲ. ಸಾಮಾನ್ಯ ಅಡಮಾನ ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯಿದೆ 30 ವರ್ಷ ಕೊಟ್ಟಿದೆ. ಆದರೆ ಭೋಗ್ಯದ ಅಡಮಾನದಲ್ಲಿ ಈ ಅವಧಿ ಪತ್ರ ಬರೆದ ದಿನದಿಂದ ಓಡುವುದಿಲ್ಲ. ಹಣ ಸಂದಾಯವಾದ ಮೇಲೆಯೇ ಓಡತೊಡಗುತ್ತದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ವಿಜ್ಞಾನೇಶ್ವರ ಈ ತೀರ್ಪನ್ನು ಓದಿದ್ದರೆ ಅವನಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಸಾಹುಕಾರನ ಜಾಗದಲ್ಲಿ ಬ್ಯಾಂಕು

ಸ್ವಾತಂತ್ರ್ಯಾನಂತರ ಸಾಹುಕಾರರ ಸಾಲದಿಂದ ಬಡವರನ್ನು ಬಿಡಿಸಲು ಸರ್ಕಾರಗಳೇ ಮುಂದಾದವು. ದೇವರಾಜ ಅರಸರ ಕಾಲದ 1976ರ ಕರ್ನಾಟಕ ಋಣ ಪರಿಹಾರ ಕಾಯಿದೆ ಇದರಲ್ಲಿ ಪ್ರಮುಖವಾದುದು. 2018ರ ಹೆಸರಿನ ಮತ್ತೊಂದು ಕಾಯಿದೆ 2019ರಲ್ಲಿ ಜಾರಿಗೆ ಬಂತು. ಆದರೆ ಇವು ಖಾಸಗಿ ಲೇವಾದೇವಿಯಲ್ಲಿ ಸಿಕ್ಕಿಕೊಂಡ ದುರ್ಬಲರಿಗಾಗಿ ಬಂದವು. ಬ್ಯಾಂಕಿನ ಸಾಲ ಇವುಗಳ ವ್ಯಾಪ್ತಿಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಧ್ಯಮ ವರ್ಗದ ಸಾಲವೇ ಬೇರೆಯಾಗಿತ್ತು. 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ಗೃಹ ಬ್ಯಾಂಕ್ ಸ್ಥಾಪನೆಯಾದವು. ಮೂಲ ಕಾಗದಪತ್ರಗಳನ್ನು ಠೇವಣಿ ಇಟ್ಟು ಪಡೆಯುವ, 15–20 ವರ್ಷ ಕಂತು ಕಟ್ಟುವ ಗೃಹಸಾಲ ಮನೆಮಾತಾಯಿತು. ಈ ಸಾಲದಿಂದ ಹೊರಬರುವ ದಾರಿಗಳು ಯಾವುವು?

ಮೊದಲನೆಯದು ಅವಧಿಗೆ ಮುಂಚೆ ತೀರಿಸುವುದು. ಒಂದು ಲೆಕ್ಕ ನೋಡಿ. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 20 ಲಕ್ಷ ರೂಪಾಯಿ ಸಾಲ ಪಡೆದರೆ ತಿಂಗಳ ಕಂತು ಸುಮಾರು 18 ಸಾವಿರ. ಮೊದಲ 5 ವರ್ಷಗಳಲ್ಲಿ ಕಟ್ಟುವ ಹಣ ಸುಮಾರು 10.8 ಲಕ್ಷ. ಆದರೆ ಅಸಲಿನಲ್ಲಿ ಕರಗುವುದು ಸುಮಾರು 2.26 ಲಕ್ಷ ಮಾತ್ರ. ಆದ್ದರಿಂದ ಆರಂಭದ ವರ್ಷಗಳಲ್ಲಿ ಹೆಚ್ಚಿಗೆ ಕಟ್ಟುವ ಪ್ರತಿ ರೂಪಾಯಿಗೂ ಬೆಲೆ ಹೆಚ್ಚು. ಮೊದಲು ಹೀಗೆ ಮುಂಚಿತವಾಗಿ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡುತ್ತಿದ್ದವು. ಬದಲಾಗುವ ಬಡ್ಡಿ ದರದ ಗೃಹಸಾಲಕ್ಕೆ ಅಂಥ ದಂಡ ಕೂಡದು ಎಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲಿ ಆದೇಶಿಸಿತು.

ಎರಡನೆಯದು ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವುದು. ಮೂರನೆಯದು ಬ್ಯಾಂಕಿಗೆ ತಿಳಿಸಿ ಮನೆಯನ್ನು ಮಾರುವುದು. ಕೊಳ್ಳುವವನು ಮೊದಲು ಬ್ಯಾಂಕಿನ ಬಾಕಿ ಕಟ್ಟಿ, ಉಳಿದದ್ದನ್ನು ಮಾಲೀಕನಿಗೆ ಕೊಡುತ್ತಾನೆ. ಅಡಮಾನದಲ್ಲಿದ್ದರೂ ಮನೆಯ ಒಡೆತನ ಮಾಲೀಕನದೇ ಆದ್ದರಿಂದ ಇದು ಸಾಧ್ಯ. ನಾಲ್ಕನೆಯದು ಒಂದೇ ಬಾರಿಗೆ ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಳ್ಳುವುದು. ಇದು ಬ್ಯಾಂಕಿನ ಇಚ್ಛೆಗೆ ಬಿಟ್ಟದ್ದು. ಸಾಲಿಗ ಹಕ್ಕಾಗಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಬೀಗದ ಕೈ ಬ್ಯಾಂಕಿಗೆ ಕೊಟ್ಟರೆ ಸಾಲ ಮುಗಿಯಿತು ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಮನೆ ಹರಾಜಾಗಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದ ಬಾಕಿಗೆ ಬ್ಯಾಂಕು ಸಾಲಿಗನ ಬೆನ್ನು ಹತ್ತಬಹುದು.

ಕುಗ್ಗಿದ ಗಡುವು

2002ರವರೆಗೆ ಬ್ಯಾಂಕು ಮನೆ ಹರಾಜು ಮಾಡಲು ಸಾಮಾನ್ಯವಾಗಿ ನ್ಯಾಯಾಲಯಕ್ಕೋ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಬೇಕಿತ್ತು. ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತಿದ್ದವು. ಆ ವರ್ಷ ಬಂದ 'ಸರ್ಫೇಸಿ' ಕಾಯಿದೆ ಈ ಮೆಟ್ಟಿಲನ್ನು ತೆಗೆದುಹಾಕಿತು. ಕಂತು 90 ದಿನ ಬಾಕಿಯಾಗಿ ಸಾಲ ವಸೂಲಾಗದ ಸಾಲವೆನಿಸಿದರೆ ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ. ಅದಕ್ಕೆ ಆಕ್ಷೇಪ ಸಲ್ಲಿಸಿದರೆ 15 ದಿನಗಳಲ್ಲಿ ಉತ್ತರಿಸಬೇಕು. ನಂತರ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಬ್ಯಾಂಕಿನ ಕ್ರಮ ಪ್ರಶ್ನಿಸಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಅವಕಾಶವಿದೆ. ಬಾಕಿ ಒಂದು ಲಕ್ಷ ರೂಪಾಯಿ ಮೀರದಿದ್ದರೆ, ಅಥವಾ ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಾಯಿದೆ ಅನ್ವಯಿಸುವುದಿಲ್ಲ. ಕೃಷಿ ಜಮೀನಿಗೂ ಅನ್ವಯಿಸುವುದಿಲ್ಲ.

ಈ ಕಾಯಿದೆಯಡಿ ಮನೆ ಬಿಡಿಸಿಕೊಳ್ಳಲು ಎಲ್ಲಿಯವರೆಗೆ ಅವಕಾಶ? ಮೊದಲು ಮಾರಾಟಕ್ಕೆ ನಿಗದಿಯಾದ ದಿನದವರೆಗೂ ಹಣ ಕಟ್ಟಬಹುದಿತ್ತು. 2016ರ ತಿದ್ದುಪಡಿ ಇದನ್ನು ಹರಾಜಿನ ಪ್ರಕಟಣೆಯ ದಿನಕ್ಕೆ ಹಿಂದೆ ಸರಿಸಿತು. ಪ್ರಕಟಣೆ ಹೊರಬಿದ್ದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನ ಎಂಬ ಸೂತ್ರ ಬ್ಯಾಂಕಿನ ಬಾಗಿಲಲ್ಲಿ ಹೀಗೆ ಮೊಟಕಾಯಿತು. ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಹರಾಜು ಪ್ರಕಟಣೆಗೆ ಇಷ್ಟು ತೂಕವಿದೆ.

ಬ್ಯಾಂಕುಗಳ ವಾದದಲ್ಲೂ ಹುರುಳಿಲ್ಲದಿಲ್ಲ. ವಸೂಲಾಗದ ಸಾಲದ ಭಾರ ಕೊನೆಗೆ ಬೀಳುವುದು ಠೇವಣಿ ಇಟ್ಟವರ ಮತ್ತು ಹೊಸದಾಗಿ ಸಾಲ ಕೇಳುವವರ ಮೇಲೆ. ಹರಾಜಿನಲ್ಲಿ ಕೊಂಡವನಿಗೂ ಭರವಸೆ ಬೇಕು. ಆದರೆ ವರ್ಷಗಟ್ಟಲೆ ಕಂತು ಕಟ್ಟಿ, ಕೆಲಸ ಹೋಗಿಯೋ ಕಾಯಿಲೆ ಬಂದೋ ಕೆಲವು ತಿಂಗಳು ತಪ್ಪಿದವರಿಗೆ ದಿನಗಳ ಲೆಕ್ಕ ತಿಳಿಯದಿದ್ದರೆ ಮನೆಯೇ ಹೋಗುತ್ತದೆ. ಬ್ಯಾಂಕಿನ ಜತೆ ಮಾತನಾಡಲು, ಸಾಲ ವರ್ಗಾಯಿಸಲು, ತಾನೇ ಗಿರಾಕಿ ಹುಡುಕಿ ಒಳ್ಳೆಯ ಬೆಲೆಗೆ ಮಾರಲು ಸರಿಯಾದ ಸಮಯ 60 ದಿನಗಳ ನೋಟಿಸು ಕೈಸೇರುವ ಮೊದಲು. ಕೈಸೇರಿದ ನಂತರವಾದರೆ ತಡಮಾಡದೆ.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಪೂರ್ತಿ ಹಣ ಸಂದಾಯವಾದ 30 ದಿನಗಳೊಳಗೆ ಮೂಲ ಕಾಗದಪತ್ರ ಹಿಂತಿರುಗಿಸಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿತು. ಆ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಉಪನೋಂದಣಿ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಋಣಮುಕ್ತ ಪತ್ರವನ್ನೂ ನೋಂದಾಯಿಸಿ, ಹೊಸ ಇ.ಸಿ. ಪಡೆದು ನೋಡುವುದು ಕ್ಷೇಮ.

ಹಣ ತಂದವನಿಗೆ ಒತ್ತೆ ಬಿಟ್ಟುಕೊಡದವನನ್ನು ಹಳೆಯ ಶಾಸ್ತ್ರ ಕಳ್ಳನೆಂದು ಕರೆದಿತ್ತು. ಇಂದಿನ ನಿಯಮ ಅವನಿಗೆ ದಿನದ ಲೆಕ್ಕದಲ್ಲಿ ದಂಡ ಹಾಕುತ್ತದೆ. ಸಾಲ ತೀರಿಸಿದವನ ರಕ್ಷಣೆ ಹೀಗೆ ಗಟ್ಟಿಯಾಗಿಯೇ ಉಳಿದಿದೆ. ತೀರಿಸಲು ಇನ್ನೂ ಹೆಣಗುತ್ತಿರುವವನಿಗೆ ಸಿಗುವ ಕಾಲಾವಕಾಶ ಮಾತ್ರ ಮೊದಲಿಗಿಂತ ಕಡಿಮೆಯಾಗಿದೆ.