ಎಳೆಗರುವಿನ ಮೂಳೆ: ಮೇವು, ನೀರು ಮತ್ತು ಮುನ್ನೂರು ವರ್ಷಗಳ ಅರಿವು

ಮರಿ-ಕರುಗಳ ಮೂಳೆಯ ಬೆಳವಣಿಗೆಗೂ ಅವು ಸೇವಿಸುವ ಆಹಾರಕ್ಕೂ ಇರುವ ಸಂಬಂಧವನ್ನು ಶೋಧಿಸುವ ಶಾಸ್ತ್ರಕ್ಕೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯಿದೆ. ಮೇವಿಗೆ ಏನನ್ನು ಸೇರಿಸಿದರೆ ಮೂಳೆ ಬಲಿಯುತ್ತದೆ ಎಂಬ ಪ್ರಶ್ನೆಯೇ ಈ ಚರಿತ್ರೆಯ ಬಹುಪಾಲನ್ನು ಆವರಿಸಿಕೊಂಡಿದೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಂತೆ ಕೊಳವೆಬಾವಿಯನ್ನೇ ನಂಬಿರುವ ಬಯಲುಸೀಮೆಯಲ್ಲಿ, ಕುಡಿಯುವ ನೀರಿನಿಂದ ಏನನ್ನು ದೂರವಿಡಬೇಕು ಎಂಬ ಪ್ರಶ್ನೆಯನ್ನೂ ಅದರ ಜೊತೆಗಿಡದೆ ಕರುವಿನ ಪೋಷಣೆಯ ಲೆಕ್ಕ ಪೂರ್ತಿಯಾಗುವುದಿಲ್ಲ.

ಮೂಳೆ ಎಲ್ಲಿ ಬೆಳೆಯುತ್ತದೆ ಎಂಬುದು ಮೊದಲು ತಿಳಿಯಬೇಕಿದ್ದ ಸಂಗತಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೋಳಿಮರಿಯೊಂದರ ಕಾಲಿನ ಮೂಳೆಗೆ ಎರಡು ಸಣ್ಣ ರಂಧ್ರಗಳನ್ನು ಕೊರೆದು, ಎರಡು ತಿಂಗಳ ಬಳಿಕ ಮೂಳೆ ಉದ್ದವಾಗಿದ್ದರೂ ರಂಧ್ರಗಳ ನಡುವಿನ ಅಂತರ ಹಾಗೆಯೇ ಉಳಿದದ್ದನ್ನು ದಾಖಲಿಸಿದರು. ಮೂಳೆ ನಡುವಿನಲ್ಲಿ ಹಿಗ್ಗದೆ ತುದಿಗಳಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಮಂಜಿಷ್ಠ ಜಾತಿಯ ಬಣ್ಣದ ಬೇರನ್ನು ತಿಂದ ಹಂದಿಗಳ ಮೂಳೆ ಕೆಂಪಾಗುವುದನ್ನು 1736ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್ ವರದಿ ಮಾಡಿದ ಮೇಲೆ, ತಿಂದದ್ದು ಮೂಳೆಗೆ ಸೇರುತ್ತದೆ ಎಂಬ ಮಾತು ಕಣ್ಣಿಗೇ ಕಾಣುವಂತಾಯಿತು. ಉದ್ದ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ, ಅಂದರೆ ಮೆದುವಾದ ಎಳೆಮೂಳೆಯ, ತೆಳುವಾದ ಪದರವೊಂದಿದ್ದು, ಅದರ ಕೋಶಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸಾಲುಗಟ್ಟಿ ಹೆಚ್ಚುತ್ತವೆ. ಸಾಲಿನ ಕೊನೆಯಲ್ಲಿರುವ ಕೋಶಗಳು ಉಬ್ಬಿ, ಅವುಗಳ ಸುತ್ತ ಕ್ಯಾಲ್ಸಿಯಂ ಮತ್ತು ರಂಜಕದ ಲವಣ ಕೂತು ಗಟ್ಟಿಯಾದಾಗ ಹೊಸ ಮೂಳೆ ಮೂಡುತ್ತದೆ. ಸಸಾರಜನಕ ಸಾಲದಿದ್ದರೆ ಈ ಸಾಲು ಬೆಳೆಯದೆ ಕರು ಕುಳ್ಳಾಗುತ್ತದೆ, ಲವಣ ಸಾಲದಿದ್ದರೆ ಸಾಲು ಬೆಳೆದರೂ ಗಟ್ಟಿಯಾಗದೆ ಕೀಲು ದಪ್ಪವಾಗಿ ಕಾಲು ಬಾಗುತ್ತದೆ. ಎರಡನೆಯ ಸ್ಥಿತಿಯೇ ರಿಕೆಟ್ಸ್.

ರಿಕೆಟ್ಸಿನ ಕಾರಣ ಬಯಲಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಎಡ್ವರ್ಡ್ ಮೆಲ್ಲನ್‌ಬಿ 1919ರ ಹೊತ್ತಿಗೆ ನಾಯಿಮರಿಗಳಿಗೆ ಓಟ್ಸಿನಂಥ ಧಾನ್ಯವನ್ನೇ ಹೆಚ್ಚಾಗಿ ತಿನ್ನಿಸಿ ರಿಕೆಟ್ಸ್ ಬರಿಸಿದರು, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆದೂ ತೋರಿಸಿದರು. ಆ ಎಣ್ಣೆಯಲ್ಲಿನ ಗುಣ ಎ ಜೀವಸತ್ವದ್ದಲ್ಲ, ಬೇರೊಂದು ಅಂಶದ್ದು ಎಂದು 1922ರಲ್ಲಿ ಮೆಕಾಲಮ್ ಮತ್ತು ಸಂಗಡಿಗರು ಸಾಧಿಸಿದ ಮೇಲೆ ಅದು ಡಿ ಜೀವಸತ್ವ ಎನ್ನಿಸಿಕೊಂಡಿತು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ಅರ್ನಾಲ್ಡ್ ಥೀಲರ್, ಹುಲ್ಲುಗಾವಲಿನ ದನಗಳು ಸತ್ತ ಪ್ರಾಣಿಗಳ ಮೂಳೆ ಅಗಿಯುವುದಕ್ಕೆ ಮೇವಿನಲ್ಲಿ ರಂಜಕ ಸಾಲದಿರುವುದೇ ಮೂಲವೆಂದು ಕಂಡುಹಿಡಿದು, ಮೂಳೆಪುಡಿ ತಿನ್ನಿಸಿ ಚಟವನ್ನು ಬಿಡಿಸಿದರು. ಕೊಟ್ಟಿಗೆಯಲ್ಲಿ ಕರು ಬಟ್ಟೆ ಅಗಿಯುವುದನ್ನೂ ಗೋಡೆ ನೆಕ್ಕುವುದನ್ನೂ ಬರಿಯ ತುಂಟತನವೆಂದು ಬಿಡಬಾರದು ಎಂಬ ಪಾಠ ಅಲ್ಲಿಂದ ಬಂದದ್ದು.

ಭಾರತದಲ್ಲಿ ಈ ಅಧ್ಯಯನದ ತವರುಗಳಲ್ಲಿ ಬೆಂಗಳೂರೂ ಒಂದು. 1923ರಲ್ಲಿ ಇಲ್ಲಿ ಆರಂಭವಾದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆ ಇಂದು ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿದೆ. 1995ರಲ್ಲಿ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಸ್ಥಾಪನೆಯಾಯಿತು. ಮಣ್ಣು, ಮೇವು ಮತ್ತು ದನದ ರಕ್ತ ಮೂರನ್ನೂ ಪರೀಕ್ಷಿಸಿ, ಆಯಾ ಪ್ರದೇಶದ ಕೊರತೆಗೆ ಹೊಂದುವ ಖನಿಜ ಮಿಶ್ರಣವನ್ನು ರೂಪಿಸುವ ಕ್ರಮ ಇಂಥ ಸಂಶೋಧನೆಯ ಫಲ. ಎಲ್ಲ ಸೀಮೆಗೂ ಒಂದೇ ಮಿಶ್ರಣ ಏಕೆ ಸಲ್ಲದು ಎಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳ ಬಣವೆಯೇ ಉತ್ತರ ಕೊಡುತ್ತದೆ. ರಾಗಿ ಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಕ್ಯಾಲ್ಸಿಯಂ ಹೆಚ್ಚು, ರಂಜಕ ಮಾತ್ರ ಎರಡರಲ್ಲೂ ಕಡಿಮೆ. ಬೂಸಾ ಮತ್ತು ತೌಡಿನಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಮೂಳೆಯಲ್ಲಿ ಇವೆರಡರ ಪ್ರಮಾಣ ತೂಕದಲ್ಲಿ ಸುಮಾರು ಎರಡಕ್ಕೆ ಒಂದು ಇರುವುದರಿಂದ, ಹುಲ್ಲಿಗೆ ಬೂಸಾ ಬೆರೆಸುವ ಹಳೆಯ ರೂಢಿಯಲ್ಲಿ ಒಂದು ಸಮತೋಲವಿದೆ. ಬರೀ ಹುಲ್ಲು ಅಥವಾ ಬರೀ ಬೂಸಾ ಹಾಕಿದಾಗ ಅದು ತಪ್ಪುತ್ತದೆ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಹುಳು ತಿಂದು ಉಳಿಸಿದ ಹಿಪ್ಪುನೇರಳೆ ಸೊಪ್ಪೂ ಸಸಾರಜನಕ ಮತ್ತು ಕ್ಯಾಲ್ಸಿಯಂ ಎರಡನ್ನೂ ಕೊಡುವ ಮೇವು.

ಚರಿತ್ರೆಯ ಇನ್ನೊಂದು ಎಳೆ ನೀರಿನದು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಬಾವಿನೀರಿನ ಫ್ಲೋರೈಡಿನಿಂದ ಜನರ ಬೆನ್ನುಮೂಳೆ ಸೆಟೆದುಕೊಳ್ಳುವ ರೋಗವನ್ನು ವಿವರಿಸಿದರು. ಅದೇ ದಶಕದಲ್ಲಿ ದಕ್ಷಿಣ ಭಾರತದ ದನಗಳಲ್ಲಿಯೂ ಈ ರೋಗ ಗುರುತಾಯಿತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಫ್ಲೋರೈಡ್ ಪ್ರದೇಶದ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ವರದಿ ಮಾಡಿದ ಮೇಲೆ, ಒಂದೇ ನೀರು ಕುಡಿದರೂ ಪೋಷಣೆ ಸಾಲದ ಎಳೆಯ ಮೂಳೆಯೇ ಹೆಚ್ಚು ಹಾಳಾಗುತ್ತದೆ ಎಂಬ ವಿಚಾರಕ್ಕೆ ಬಲ ಬಂತು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ಎಳೆ ನೇರವಾಗಿ ಬಂದು ತಾಗುತ್ತದೆ. ನಂದಿಬೆಟ್ಟದ ಸುತ್ತ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಅವುಗಳ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 20 ಲೀಟರ್ ಕುಡಿಯುವ ಕಡಸಿನ ಮೈಗೆ 60 ಮಿಲಿಗ್ರಾಂ ಸೇರುತ್ತದೆ, ಬೆಳೆಯುವ ಮೂಳೆ ಅದರಲ್ಲಿ ದೊಡ್ಡ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪವಾದ್ದರಿಂದ ಹಾಲು ಕುಡಿಯುವ ಕರುವಿಗೆ ರಕ್ಷಣೆಯಿದೆ; ಹಾಲು ಬಿಟ್ಟು ತೊಟ್ಟಿಗೆ ಬಾಯಿ ಹಾಕಿದ ಮೇಲೆ, ಒಸಡಿನೊಳಗೆ ಕಾಯಂ ಹಲ್ಲುಗಳು ರೂಪುಗೊಳ್ಳುವ ಕಾಲದಲ್ಲಿ ಹಾನಿ ಶುರುವಾಗುತ್ತದೆ. ಸಂತೆಯಲ್ಲಿ ಬಾಯಿ ಬಿಡಿಸಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’ ಎಂದು ವಯಸ್ಸು ಎಣಿಸುವ ರೈತನ ಕಣ್ಣಿಗೆ ಅದು ಸುಣ್ಣದಂಥ ಬಿಳಿ ಮಚ್ಚೆಯಾಗಿ, ಕಂದು ಗೆರೆಯಾಗಿ, ಬೇಗ ಸವೆದ ಹಲ್ಲಾಗಿ ಕಾಣುತ್ತದೆ. ಮುಂದೆ ಕಾಲಿನ ಮೂಳೆ, ಪಕ್ಕೆಲುಬುಗಳ ಮೇಲೆ ಗಂಟು ಎದ್ದು ದನ ಕುಂಟುತ್ತದೆ. ಒಮ್ಮೆ ಕೆಟ್ಟ ಹಲ್ಲು ಮತ್ತೆ ಸರಿಹೋಗುವುದಿಲ್ಲ.

ಹಾಗಾಗಿ ಈ ಅರಿವಿನ ಸಾರ ಎರಡು ಮಾತಿನಲ್ಲಿದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು, ಮೊದಲ ತಿಂಗಳುಗಳಲ್ಲಿ ಡೈರಿಗೆ ಅಳೆಯುವ ಮುನ್ನ ಕರುವಿನ ಪಾಲಿನ ಹಾಲು, ಬಳಿಕ ಹುಲ್ಲು-ಹಿಂಡಿ-ಬೂಸಾಗಳೊಡನೆ ಸೀಮೆಗೆ ಹೊಂದುವ ಖನಿಜ ಮಿಶ್ರಣ ಮತ್ತು ಡಿ ಜೀವಸತ್ವಕ್ಕಾಗಿ ಬಿಸಿಲು ಸಿಗಬೇಕು ಎಂಬುದು ಮೊದಲನೆಯದು. ಎರಡನೆಯದು ನೀರಿನದು: ಊರಿನ ಶುದ್ಧ ನೀರಿನ ಘಟಕ ಮನೆಯ ಕ್ಯಾನನ್ನು ತುಂಬುತ್ತದೆಯೇ ಹೊರತು ಕೊಟ್ಟಿಗೆಯ ತೊಟ್ಟಿಯನ್ನಲ್ಲ, ಅಲ್ಲಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗಿರುವುದರಿಂದ ಅದನ್ನು ದನಕ್ಕೆ ಕುಡಿಸಲೇಬಾರದು. ಸೂರಿನ ಮಳೆನೀರನ್ನು ಹಿಡಿದಿಟ್ಟು ಎಳೆಗರುಗಳಿಗಾದರೂ ಮೀಸಲಿಡುವುದು, ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಪ್ರತಿ ಹಾಲು ಉತ್ಪಾದಕರ ಸಂಘವೂ ಕೈಗೊಳ್ಳಬೇಕಾದ ಕೆಲಸ; ಕರುವಿನ ತೊಟ್ಟಿಯ ನೀರೂ ಅದರ ಆಹಾರವೇ.