ಹೌಸ್ ಗಲ್ಲಿಯ ಕಡೆಗಿನ ಗೋಡೆ

ಮುಂಬಯಿಯಲ್ಲಿ ಯಾರಾದರೂ ಹಳೆಯ ಮನೆ ಕೊಳ್ಳುತ್ತೇನೆ, ಒಮ್ಮೆ ಬಂದು ನೋಡಿ ಎಂದರೆ ನಾನು ಹಾಲ್ ನೋಡುವುದಿಲ್ಲ, ಗಾಳಿ ಬೆಳಕು ಆಮೇಲೆ. ಮೊದಲು ಹಿಂದಿನ ಗೋಡೆಗೆ ಹೋಗಿ ಕಿಟಕಿಯಿಂದ ತಲೆ ಹೊರಹಾಕಿ ಕೆಳಗೆ ನೋಡುತ್ತೇನೆ. ಮಕ್ಕಳು ನಗುತ್ತಾರೆ, "ಅಪ್ಪ ಪೈಪ್ ಎಣಿಸುತ್ತಿದ್ದಾರೆ" ಎಂದು. ಎಣಿಸುವುದು ನಿಜ. ಯಾಕೆ ಎಂದು ಹೇಳಬೇಕಾದರೆ ನೂರೈವತ್ತು ವರ್ಷ ಹಿಂದೆ ಹೋಗಬೇಕು, ಸ್ವಲ್ಪ ಮೂಗು ಮುಚ್ಚಿಕೊಂಡು.

ಲಾಲ್‌ಬಾಗ್, ಪರೇಲ್, ಗಿರ್ಗಾಂವ್ ಕಡೆ ಇದ್ದವರಿಗೆ ಹೌಸ್ ಗಲ್ಲಿ ಗೊತ್ತಿರುತ್ತದೆ. ಎರಡು ಕಟ್ಟಡಗಳ ಬೆನ್ನುಗಳ ನಡುವಿನ ಸಂದಿ. ಒಬ್ಬ ಮನುಷ್ಯ ನಡೆದರೆ ಎದುರಿನವನಿಗೆ ದಾರಿಯಿಲ್ಲ. ಮೇಲಿನಿಂದ ಬಿದ್ದ ಬಾಳೆಹಣ್ಣಿನ ಸಿಪ್ಪೆ, ಚಿಂದಿ, ಇಲಿ, ಮತ್ತು ಎರಡೂ ಗೋಡೆಗಳ ಮೇಲೆ ಬಳ್ಳಿಯ ಹಾಗೆ ಹಬ್ಬಿದ ಪೈಪುಗಳು. ಪೈಪು ಹಾಕಲೆಂದೇ ಈ ಗಲ್ಲಿ ಬಿಟ್ಟಿದ್ದಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದು ತಪ್ಪು. ಗಲ್ಲಿ ಬಿಟ್ಟದ್ದು ಮನುಷ್ಯನಿಗಾಗಿ.

ಆ ಕಾಲದ ಮನೆಗಳಲ್ಲಿ ಕಕ್ಕಸು ಎಂದರೆ ಹಿಂಬದಿಯ ಒಂದು ಕಿಂಡಿ, ಅದರ ಕೆಳಗೆ ಒಂದು ಬುಟ್ಟಿ. (ಕಕ್ಕಸು ಡಚ್ಚರ ಬಾಯಿಂದ ನಮ್ಮ ಬಾಯಿಗೆ ಬಂದ ಪದ ಎನ್ನುತ್ತಾರೆ. ಅವರ ಭಾಷೆಯಲ್ಲೂ ಅರ್ಥ ಅದೇ, ಇನ್ನೂ ಸ್ವಲ್ಪ ನೇರ.) ಆ ಬುಟ್ಟಿ ತೆಗೆಯುವವನು ಮನೆಯೊಳಗೆ ಕಾಲಿಡದೆ, ಯಾರ ಕಣ್ಣಿಗೂ ಬೀಳದೆ ಬಂದು ಹೋಗಲು ಹಿಂದೆ ಒಂದು ದಾರಿ ಬೇಕಿತ್ತು. ಆ ದಾರಿಯೇ ಹೌಸ್ ಗಲ್ಲಿ. ಆ ಕೆಲಸದವರನ್ನು ಮುಂಬಯಿಯಲ್ಲಿ ಹಲಾಲ್‌ಖೋರರು ಎನ್ನುತ್ತಿದ್ದರು. 1888ರ ಮುಂಬಯಿ ಮುನಿಸಿಪಲ್ ಕಾಯ್ದೆಯಲ್ಲಿ 'ಹಲಾಲ್‌ಖೋರ್ ತೆರಿಗೆ' ಎಂದೇ ಒಂದು ತೆರಿಗೆ ಇತ್ತು. ನೀರಿಗೆ ನೀರಿನ ತೆರಿಗೆ, ಇದಕ್ಕೆ ಹೊರುವವನ ಹೆಸರಿನ ತೆರಿಗೆ!

ಪೈಪಿನ ಕಥೆ ಬೇರೆ ಕಡೆ ನಡೆಯುತ್ತಿತ್ತು. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ನೀರಿನ ಕಕ್ಕಸಿಗೆ ಪೇಟೆಂಟ್ ಪಡೆದ. ಅವನ ಕಸುಬುಗಾರಿಕೆ ಇದ್ದದ್ದು ಕೆಳಗಿನ ಕೊಳವೆಯಲ್ಲಿ. ಅದನ್ನು ಹಾವಿನಂತೆ ಬಾಗಿಸಿದ. ಬಾಗಿದ ಜಾಗದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಲ್ಲುತ್ತದೆ, ಆ ನೀರು ಕೆಳಗಿನ ಗಾಳಿಯನ್ನು ಮೇಲೆ ಬಿಡುವುದಿಲ್ಲ. ಎರಡು ಅಂಗುಲ ನೀರು, ಅಷ್ಟೇ ಬಾಗಿಲು. ಇಂದು ನಿಮ್ಮ ಮನೆಯ ಹನ್ನೆರಡು ಸಾವಿರದ ಕಮೋಡಿನಲ್ಲೂ ಇರುವುದು ಅದೇ ಬಾಗಿಲು.

ಮುಂಬಯಿಗೆ ನೆಲದಡಿಯ ಚರಂಡಿ ಬಂದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ, ಅದೂ ತುಂಡುತುಂಡಾಗಿ. ಊರಿನ ಕೊಳೆಯನ್ನು ಒಯ್ದು ಎತ್ತಿಹಾಕುವ ವರ್ಲಿಯ ಪಂಪಿಂಗ್ ಸ್ಟೇಷನ್ನಿನ ಹೆಸರು ಲವ್ ಗ್ರೋವ್. ಹೆಸರಿಟ್ಟವರ ಮೂಗಿಗೆ ನಮಸ್ಕಾರ. 1896ರಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಪ್ಲೇಗನ್ನು ಗುರುತಿಸಿದಾಗ ಎಲ್ಲರೂ ಬೈದದ್ದು ಮೋರಿಗಳನ್ನೇ. ಕಾರ್ಬಾಲಿಕ್ ಸುರಿದು ತೊಳೆದದ್ದೇ ತೊಳೆದದ್ದು. ಪಾಪಿ ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮೊಂದ್ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಆದರೆ ಆ ಹೆದರಿಕೆಯಿಂದ ಅದೇ ವರ್ಷ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಹೊಸ ರಸ್ತೆ, ಹೊಸ ಚಾಳು ಬಂದವು. ಮುಂದೆ 1920ರ ದಶಕದಲ್ಲಿ ಬಿಡಿಡಿ ಚಾಳುಗಳು: ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿ ಸೇರಿ 207 ಕಟ್ಟಡ, ಒಂದೊಂದರಲ್ಲಿ 80 ಖೋಲಿ, ಒಂದು ಖೋಲಿಗೆ 160 ಚದರ ಅಡಿ. ಕಕ್ಕಸು ಮಹಡಿಗೆ ಒಂದೆಡೆ, ಎಲ್ಲರಿಗೂ ಸೇರಿ.

ಖೋಲಿಯೊಳಗೆ ನೀರು ಚೆಲ್ಲಲು ಇದ್ದದ್ದು ಒಂದು ಮೂಲೆ ಮಾತ್ರ. ಅದಕ್ಕೆ ಮರಾಠಿಯಲ್ಲಿ ಮೋರಿ. ನಮ್ಮ ಊರಿನಲ್ಲಿ ಮೋರಿ ಎಂದರೆ ರಸ್ತೆಯ ಚರಂಡಿ, ಇಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ, ಮಗುವನ್ನು ಕೂರಿಸುವ ಜಾಗ. ಹೊಸದಾಗಿ ಬಂದವನಿಗೆ "ಮೋರಿಯಲ್ಲಿ ಸ್ನಾನ ಮಾಡು" ಎಂದರೆ ಹೇಗಾಗಬೇಡ! ಅದರ ತೂತಿಗೆ ಕೂರಿಸುವ ಬಾಗಿದ ಎರಕದ ಡಬ್ಬಿಯೇ ನಹಾಣಿ ಟ್ರ್ಯಾಪ್. ನ್ಹಾಣಿ ಎಂದರೆ ಮರಾಠಿಯಲ್ಲಿ ಮೀಯುವ ಜಾಗ. ಇವತ್ತು ಬೆಂಗಳೂರಿನ ಎಂಜಿನಿಯರೂ ನಹಾಣಿ ಟ್ರ್ಯಾಪ್ ಎಂದೇ ಬರೆಯುತ್ತಾನೆ, ಅದು ಇಂಗ್ಲಿಷ್ ಎಂದುಕೊಂಡು.

ಈಗ ನಿಜವಾದ ತೊಡಕು. ಮೋರಿಯ ನೀರಿನ ಪೈಪು ಬೇರೆ, ಕಕ್ಕಸಿನ ಪೈಪು ಬೇರೆ. ಮೋರಿಯದು ಸಣ್ಣದು, ಕೆಳಗೆ ಗಲ್ಲಿಯಲ್ಲಿರುವ ಗಲ್ಲಿ ಟ್ರ್ಯಾಪಿಗೆ ಬಂದು ಬೀಳುತ್ತದೆ. ಕಕ್ಕಸಿನದು ನಾಲ್ಕು ಅಂಗುಲಕ್ಕೆ ಕಡಿಮೆಯಿರಬಾರದು, ಅದು ನೇರ ಚೇಂಬರಿಗೇ ಹೋಗಬೇಕು. ಖೋಲಿಯ ಹತ್ತಿರ ಇರುವುದು ಮೋರಿಯ ಪೈಪು, ಬೇಕಾದದ್ದು ಮಹಡಿಯ ಕೊನೆಯಲ್ಲಿರುವ ಇನ್ನೊಂದು. ಹಳೆಯ ಚಾಳಿನಲ್ಲಿ ಮನೆಯೊಳಗೆ ಕಕ್ಕಸು ಕಟ್ಟಿಸಿದ ಪ್ರತಿಯೊಬ್ಬನೂ ತಲೆ ಚಚ್ಚಿಕೊಂಡದ್ದು ಇಲ್ಲಿಯೇ. ಬುಟ್ಟಿ ಹೊರುವವನಿಗೆ ಅಳತೆ ತೆಗೆದು ಕಟ್ಟಿದ ಮನೆಗೆ ಪೈಪು ತೊಡಿಸುವ ಕೆಲಸ ಅದು.

ನಾನೂ ಚಚ್ಚಿಕೊಂಡೆ, 1991ರಲ್ಲಿ. ಕುಂದಾಪುರದ ಕಡೆಯಿಂದ 1973ರಲ್ಲಿ ಬಂದವನು ನಾನು. ಹಗಲು ಹೋಟೆಲು, ರಾತ್ರಿ ಶಾಲೆ, ಆಮೇಲೆ ಒಂದು ಗುಮಾಸ್ತಗಿರಿ, ಲಾಲ್‌ಬಾಗಿನ ಚಾಳಿನ ಎರಡನೇ ಮಹಡಿಯಲ್ಲಿ ಒಂದು ಖೋಲಿ. ಅಮ್ಮ ಊರಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇಲ್ಲಿಗೆ ಕರೆತಂದೆವು. ಬಚ್ಚಲಲ್ಲಿ ತುಂಬಿಸಿದ ಡಬ್ಬ ಹಿಡಿದು ಓಣಿಯ ಕೊನೆಯವರೆಗೆ ನಡೆದು ಸರತಿಯಲ್ಲಿ ನಿಲ್ಲುವುದು ಅವಳಿಂದಾಗದು. ರಾತ್ರಿ ನೀರು ಕುಡಿಯುವುದನ್ನೇ ಬಿಟ್ಟಳು. ಇದು ನನ್ನ ಹೆಂಡತಿಗೆ ಗೊತ್ತಾದದ್ದು ತಿಂಗಳ ಮೇಲೆ.

ಮೋರಿಯಲ್ಲೇ ಒಂದು ಕಕ್ಕಸು ಮಾಡಿಸೋಣ ಎಂದಾಗ ಅಮ್ಮನ ಮೊದಲ ಮಾತು, "ಅನ್ನ ಬೇಯ್ಸು ಜಾಗದಂಗೆ ಕಕ್ಕಸಾ ಮಗಾ?" ಒಪ್ಪಿಸಲು ವಾರ ಬೇಕಾಯಿತು. ಮಾಲೀಕನನ್ನು ಒಪ್ಪಿಸಲು ಎಂಟು ಸಾವಿರ.

ಮೊದಲು ಬಂದ ಮಿಸ್ತ್ರಿಯ ಲೆಕ್ಕ ಸರಳ. ಕುಳಿತುಕೊಳ್ಳುವ ಪ್ಯಾನ್, ಅದರ ಕೆಳಗೆ ಟ್ರ್ಯಾಪ್, ಅದರ ಮುಂದೆ ಇಳಿಜಾರಿನ ಪೈಪು, ಇಷ್ಟಕ್ಕೂ ಒಂದೂವರೆ ಅಡಿ ಆಳ ಬೇಕು. ಹೊಸ ಕಟ್ಟಡದಲ್ಲಿ ಅದಕ್ಕೆಂದೇ ಸ್ಲ್ಯಾಬನ್ನು ತಗ್ಗಿಸಿರುತ್ತಾರೆ. ನಮ್ಮದು ಮರದ ತೊಲೆಯ ಮೇಲಿನ ನೆಲ, ಅಗೆದರೆ ಕೆಳಗಿನವರ ತಲೆಯ ಮೇಲೆ. ಆದ್ದರಿಂದ ಕಟ್ಟೆ ಎತ್ತರಿಸಿ ಎರಡು ಮೆಟ್ಟಿಲು ಇಡುವುದು. ಚಾಳಿನ ಮನೆಗಳಲ್ಲಿ ಕಕ್ಕಸು ಸಿಂಹಾಸನದ ಹಾಗೆ ಮೇಲಿರುವುದನ್ನು ನೀವು ನೋಡಿರಬಹುದು, ಕಾರಣ ಇದು. ಅಮ್ಮನಿಗೆ ಎರಡು ಮೆಟ್ಟಿಲು ಹತ್ತಲಾಗದು ಎಂದೆ. "ಒಂದೇ ಮಾಡುತ್ತೇನೆ" ಎಂದ. ಉಳಿದ ಮೆಟ್ಟಿಲನ್ನು ಅವನು ಪೈಪಿನ ಇಳಿಜಾರಿನಿಂದ ಕದ್ದ. ಹೊರಗಡೆ ಪೈಪು ನೀರಿನ ಹಾಗೆ ಮಟ್ಟಸವಾಗಿ ಮಲಗಿತು, ಗೋಡೆ ದಾಟಿದಲ್ಲಿ ಗಕ್ಕನೆ ಒಂದು ತೊಂಬತ್ತು ಡಿಗ್ರಿಯ ಬೆಂಡು.

ಮೂರನೇ ವಾರ ಕಟ್ಟಿಕೊಂಡಿತು. ನಮ್ಮಲ್ಲಿ ಮೇಲೆ ಬಂದದ್ದು ಕಡಿಮೆ. ಹೊರಗಿನ ಜೋಡಣೆ ಸಡಿಲಾಗಿ ಕೆಳಗಿನ ಮನೆಯವರ ಅಡಿಗೆ ಕಿಟಕಿಯ ಮೇಲೆ ಇಳಿದಿತ್ತು. ಆ ಮನೆಯ ವಹಿನಿ ಜಗಳಗಂಟಿಯೇನಲ್ಲ. ಮೇಲೆ ಬಂದು ನನ್ನ ಕೈ ಹಿಡಿದು ಕರೆದೊಯ್ದು ಸುಮ್ಮನೆ ತೋರಿಸಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಬಿಡಿಸಲು ಒಬ್ಬ ಬಂದ. ಹೌಸ್ ಗಲ್ಲಿಯಿಂದಲೇ ಬಂದ, ಬಿದಿರಿನ ಸೀಳು ಹಿಡಿದು, ಬರಿಗೈಯಲ್ಲಿ. ಕಿಟಕಿಯ ಬಳಿ ಕುರ್ಚಿ ಹಾಕಿ ಕೂತಿದ್ದ ಅಮ್ಮ ಪೂರ್ತಿ ನೋಡಿದಳು. ಅವನು ಹೋದ ಮೇಲೆ ಹೇಳಿದಳು, "ಅವ್ನ್ ಹತ್ರ ತೆಗ್ಸೂದಾರೆ ನಂಗೆ ಒಳ್ಗಿನ ಕಕ್ಕಸ್ ಬ್ಯಾಡ ಮಗಾ." ಮತ್ತೆ ಓಣಿಯ ಕೊನೆಗೆ ನಡೆಯತೊಡಗಿದಳು, ನನ್ನ ಹೆಂಡತಿಯ ಭುಜ ಹಿಡಿದು.

ಎರಡನೆಯ ಪ್ಲಂಬರ್ ಒರಿಸ್ಸಾದವನು, ಕೇಂದ್ರಪಾಡಾ ಜಿಲ್ಲೆಯವನು. ಈ ದೇಶದ ಪ್ಲಂಬರುಗಳ ತವರು ಅದು. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬಿಗೆ ಸರ್ಕಾರಿ ಶಾಲೆಯೇ ಇದೆ, ನಮ್ಮ ಉಡುಪಿಯ ಕಡೆಗೆ ಹೋಟೆಲು ಹೇಗೋ ಹಾಗೆ. ಅವನು ಬಂದು ಮೊದಲು ಕೇಳಿದ್ದು ಪ್ಯಾನಿನ ವಿಷಯ ಅಲ್ಲ, ಅಮ್ಮನ ಕಾಲಿನ ವಿಷಯ. ಆಮೇಲೆ ಒರಿಸ್ಸಾ ಪ್ಯಾನನ್ನು (ಹೆಸರೇ ಅದು!) ಒರಿಸ್ಸಾದವನೇ ಕಿತ್ತು ಹಾಕಿದ.

ಅವನ ಯೋಚನೆ ಹೀಗೆ. ಕುಳಿತುಕೊಳ್ಳುವ ಪ್ಯಾನಿನ ಬಾಯಿ ನೆಲದ ಮಟ್ಟದಲ್ಲಿ, ಟ್ರ್ಯಾಪ್ ನೆಲದ ಕೆಳಗೆ. ಅದರ ಬದಲು ಪಿ-ಟ್ರ್ಯಾಪಿನ ಕಮೋಡು ಹಾಕಿದರೆ ಟ್ರ್ಯಾಪ್ ಪಿಂಗಾಣಿಯೊಳಗೇ ಇರುತ್ತದೆ, ಬಾಯಿ ಬೆನ್ನಿನ ಕಡೆ ನೆಲದಿಂದ ಏಳು ಅಂಗುಲ ಮೇಲೆ ಹೊರಬರುತ್ತದೆ. ಮೆಟ್ಟಿಲೇ ಬೇಡ, ಗೋಡೆ ತೂತು ಮಾಡಿದರೆ ಸಾಕು. ನಾಲ್ಕು ಅಂಗುಲದ ಪೈಪಿಗೆ ನಲವತ್ತಕ್ಕೆ ಒಂದರ ಇಳಿಜಾರು ಕೊಡಬೇಕು. ನಮ್ಮ ಗೋಡೆಯಿಂದ ಕಕ್ಕಸಿನ ದೊಡ್ಡ ಪೈಪಿಗೆ ಹದಿನಾರು ಅಡಿ, ಅಂದರೆ ಐದು ಅಂಗುಲ ಇಳಿಯಬೇಕು. ಏಳರಲ್ಲಿ ಐದು ಹೋದರೂ ಎರಡು ಅಂಗುಲ ಕೈಯಲ್ಲಿ ಉಳಿಯಿತು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡೂ ತುದಿಯ ಮಟ್ಟ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದ. ನಾನು ಗುಮಾಸ್ತ, ಲೆಕ್ಕ ತಾಳೆಯಾದರೆ ಕಣ್ಣಲ್ಲಿ ನೀರು ಬರುತ್ತದೆ.

ನಡುವೆ ಮಳೆನೀರಿನ ಪೈಪು ಅಡ್ಡ ಇತ್ತು. ಅದನ್ನು ದಾಟಲು ನಲವತ್ತೈದರ ಎರಡು ಬೆಂಡು, ಹೊರಕ್ಕೆ ಒಂದು, ಮತ್ತೆ ನೇರಕ್ಕೆ ಇನ್ನೊಂದು. ಗೋಡೆ ದಾಟಿದಲ್ಲಿ ಕೂಡ ತೊಂಬತ್ತರ ಬದಲು ಎರಡು ನಲವತ್ತೈದು. "ಹೊಳೆ ಎಲ್ಲಾದರೂ ಗಕ್ಕನೆ ತಿರುಗುತ್ತದಾ ಬಾಬು?" ಎಂದ. ತಿರುಗುವಲ್ಲಿ ಬೋಲ್ಟು ಹಾಕಿದ ಬಾಗಿಲಿರುವ ಬೆಂಡು. ಕಟ್ಟಿದರೆ ನಮ್ಮ ಕಿಟಕಿಯಿಂದಲೇ ತೆರೆದು ತೆಗೆಯಬಹುದು, ಗಲ್ಲಿಗೆ ಯಾರೂ ಇಳಿಯಬೇಕಾಗಿಲ್ಲ. ಅಮ್ಮನ ಷರತ್ತು ನೆರವೇರಿದ್ದು ಇದರಿಂದ. ಎರಕದ ಪೈಪಿನ ಸಂದಿಗೆ ಸೆಣಬು ಗಿಡಿದು ಕಾಯಿಸಿದ ಸೀಸ ಹೊಯ್ದ. ಕೊನೆಗೆ ಎರಡಂಗುಲದ ಒಂದು ಗಾಳಿಕೊಳವೆಯನ್ನು ಚಾವಣಿಯವರೆಗೆ ಏರಿಸಿದ. ಅದು ದಂಡದ ಖರ್ಚು ಎಂದು ನಾನು ವಾದಿಸಿದೆ. ಮೇಲಿನ ಮಹಡಿಯವರು ನೀರು ಹಾಕಿದಾಗ ಬೀಳುವ ನೀರು ಗಾಳಿಯನ್ನು ಎಳೆಯುತ್ತದೆ, ಆ ಎಳೆತಕ್ಕೆ ನಿಮ್ಮ ಟ್ರ್ಯಾಪಿನ ನೀರೂ ಹೊರಟುಹೋಗುತ್ತದೆ ಎಂದ. ಕಮೋಡು ಗಳಗಳ ಎಂದರೆ ಅದೇ.

ಅವನ ಮಾತಿನ ತೂಕ ನನಗೆ ತಿಳಿದದ್ದು 2003ರಲ್ಲಿ. ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಂಕೀರ್ಣದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ತನಿಖೆ ಹೋಗಿ ನಿಂತದ್ದು ಬಚ್ಚಲುಮನೆಯ ನೆಲದ ಟ್ರ್ಯಾಪುಗಳಲ್ಲಿ. ನೀರು ಬೀಳದೆ ಅವು ಒಣಗಿದ್ದವು, ಎಗ್ಸಾಸ್ಟ್ ಫ್ಯಾನು ಪೈಪಿನ ಗಾಳಿಯನ್ನು ಮನೆಯೊಳಗೆ ಎಳೆದಿತ್ತು. ಆ ಎರಡಂಗುಲ ನೀರಿಲ್ಲದೆ ಆದದ್ದು ಇದು. ಮೇ ತಿಂಗಳಿಗೆ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ನಾವೆಲ್ಲ. ಬಂದ ಕೂಡಲೇ ಪ್ರತಿ ನಹಾಣಿಗೂ ಒಂದು ಚೊಂಬು ನೀರು ಹಾಕಿ, ಆಮೇಲೆ ಫ್ಯಾನು ಹಚ್ಚಿ.

ಅಮ್ಮ 2004ರವರೆಗೆ ಅದೇ ಕಮೋಡು ಬಳಸಿದಳು. ಬಾಗಿಲಿನ ಬೆಂಡನ್ನು ಎರಡು ಸಲ ತೆರೆದದ್ದು, ಎರಡೂ ಸಲ ನಾನೇ.

ನಮ್ಮ ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ. 'ಬೂಸಾ' ಮಾತಿಗೆ ಅವರನ್ನು ನೆನೆಯುವವರು ಇದಕ್ಕೆ ನೆನೆಯುವುದು ಕಡಿಮೆ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ನಮ್ಮ ಗಲ್ಲಿಗೆ ಬಿದಿರು ಹಿಡಿದು ಬಂದವನು ಈ ಎರಡರ ನಡುವೆಯೂ ಬರುತ್ತಲೇ ಇದ್ದ.

ನಮ್ಮ ಚಾಳು 2012ರಲ್ಲಿ ಬಿತ್ತು. ವರ್ಲಿಯ ಬಿಡಿಡಿಯವರಿಗೂ 2025ರ ಆಗಸ್ಟಿನಲ್ಲಿ ಗೋಪುರದ ಮನೆಗಳ ಮೊದಲ ಬೀಗದಕೈ ಸಿಕ್ಕವು, ತಲಾ 500 ಚದರ ಅಡಿ. ನಾವೀಗ ಹದಿನಾಲ್ಕನೇ ಮಹಡಿಯಲ್ಲಿದ್ದೇವೆ. ಹೌಸ್ ಗಲ್ಲಿ ಇಲ್ಲ, ಅದರ ಬದಲು ಪೈಪುಗಳಿಗೆಂದು ಒಂದು ಡಕ್ಟ್ ಇದೆ. ಕಳೆದ ತಿಂಗಳು ಮೇಲಿನವರ ಪೈಪು ಸೋರಿತು. ಡಕ್ಟಿನ ಅಗಲ ಒಂದೂಮುಕ್ಕಾಲು ಅಡಿ, ನಾನೇ ಟೇಪು ಹಿಡಿದು ಅಳೆದೆ. ಪ್ಲಂಬರ್ ಹುಡುಗ ಅಡ್ಡಲಾಗಿ ನುಗ್ಗಿದ, ಮೊಣಕೈ ಎತ್ತಲೂ ಜಾಗವಿರಲಿಲ್ಲ. ಊರು ಯಾವುದೆಂದು ಕೇಳಿದೆ. ಕೇಂದ್ರಪಾಡಾ ಎಂದಿತು ಒಳಗಿನಿಂದ ದನಿ, ಬ್ಯಾಟರಿ ಸ್ವಲ್ಪ ಈ ಕಡೆ ಹಿಡಿಯಿರಿ ಅಂಕಲ್.