ನೀಲಿ ಮಕ್ಕಳು ದೊಡ್ಡವರಾದಾಗ

1944ರ ನವೆಂಬರ್ 29. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್, ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈಯೆಲ್ಲ ನೀಲಿಗಟ್ಟಿದ್ದ ಒಂದು ಕೂಸಿಗೆ ಆಪರೇಷನ್ ಮಾಡಿದರು. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಸುವ ಉಪಾಯ ಹೊಳೆದದ್ದು ಮಕ್ಕಳ ಹೃದಯ ತಜ್ಞೆ ಹೆಲೆನ್ ಟೌಸಿಗ್ ಅವರಿಗೆ. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಿ, ಅಂದು ಸರ್ಜನ್ ಹಿಂದೆ ನಿಂತು ಹೆಜ್ಜೆಹೆಜ್ಜೆಗೂ ಹೇಳಿಕೊಟ್ಟವರು ಬ್ಲಾಲಾಕ್‌ರ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್. ಆ ಕೂಸು ಹೆಚ್ಚು ದಿನ ಉಳಿಯಲಿಲ್ಲ. ಆದರೆ ಅದರ ಹಿಂದೆ ಬಂದ ಎಷ್ಟೋ ಮಕ್ಕಳು ಉಳಿದರು, ಬೆಳೆದರು.

ಬೆಳೆದವರನ್ನು ನೋಡುವವರು ಯಾರು? ಮಕ್ಕಳ ವೈದ್ಯರಿಗೆ ಅವರು ದೊಡ್ಡವರು. ದೊಡ್ಡವರ ವೈದ್ಯರಿಗೆ ಅವರ ಹೃದಯದ ರಚನೆಯೇ ಅಪರಿಚಿತ. 1975ರಲ್ಲಿ ಲಂಡನ್‌ನ ನ್ಯಾಷನಲ್ ಹಾರ್ಟ್ ಆಸ್ಪತ್ರೆಯಲ್ಲಿ ಹೃದಯ ತಜ್ಞೆ ಜೇನ್ ಸೋಮರ್‌ವಿಲ್ ಇಂಥವರಿಗೆಂದೇ ಒಂದು ವಾರ್ಡ್ ತೆರೆದರು. ಲಾಸ್ ಏಂಜಲೀಸ್‌ನಲ್ಲಿ ಜೋಸೆಫ್ ಪರ್ಲಾಫ್ ಅದೇ ಹಾದಿ ಹಿಡಿದರು.

ಅಲ್ಲಿ ಕಲಿತ ಮೊದಲ ಕಠಿಣ ಪಾಠ ರಕ್ತದ್ದು. ಹೃದಯದ ದೊಡ್ಡ ತೂತು ಮುಚ್ಚದೆ ಉಳಿದರೆ ಕೆಲವರಲ್ಲಿ ಶ್ವಾಸಕೋಶದ ಒತ್ತಡ ಏರಿ, ರಕ್ತ ತಿರುಗುಮುರುಗಾಗಿ ಹರಿಯತೊಡಗುತ್ತದೆ. ಇದು ಐಸೆನ್‌ಮೆಂಗರ್ ಸಿಂಡ್ರೋಮ್. ಆಮ್ಲಜನಕ ಸಾಲದ ದೇಹ ಕೆಂಪು ಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ, ರಕ್ತ ಗಟ್ಟಿಯಾಗುತ್ತದೆ. ಪಾರ್ಶ್ವವಾಯು ಹೊಡೆದೀತೆಂಬ ಭಯದಿಂದ ವೈದ್ಯರು ಆಗಾಗ ರಕ್ತ ತೆಗೆಯುತ್ತಿದ್ದರು. ಪ್ರತಿ ಸಲವೂ ರಕ್ತದ ಜೊತೆ ಕಬ್ಬಿಣವೂ ಹೋಗುತ್ತಿತ್ತು. ಕಬ್ಬಿಣ ಕಡಿಮೆಯಾದ ಕಣಗಳು ಸಣ್ಣಗಾಗುತ್ತವೆ. ಅಂಥ ಕಣಗಳಿರುವವರಲ್ಲೇ ಪಾರ್ಶ್ವವಾಯು ಹೆಚ್ಚೆಂದು 1996ರ ಅಧ್ಯಯನವೊಂದು ತೋರಿಸಿತು. ತಡೆಯಲು ಹೋದ ಅಪಾಯವನ್ನೇ ಚಿಕಿತ್ಸೆ ಕರೆತರುತ್ತಿತ್ತು. ಈಗ ತೀವ್ರ ತಲೆನೋವಿನಂಥ ಲಕ್ಷಣವಿದ್ದು, ನೀರಿನಂಶ ಕಡಿಮೆಯಾಗಿಲ್ಲವೆಂದು ಖಚಿತವಾದರಷ್ಟೇ ರಕ್ತ ತೆಗೆಯುತ್ತಾರೆ. ಇಂಥ ರೋಗಿಗೆ ಡ್ರಿಪ್ ಹಾಕುವಾಗ ನರ್ಸ್ ಕೊಳವೆಯ ಒಂದೊಂದು ಗಾಳಿಗುಳ್ಳೆಯನ್ನೂ ತಟ್ಟಿ ಹೊರಹಾಕಬೇಕು. ಶ್ವಾಸಕೋಶದ ಸೋಸುವಿಕೆ ತಪ್ಪಿಸಿಕೊಂಡ ಗುಳ್ಳೆ ನೇರ ಮೆದುಳಿಗೆ ಹೋಗಬಹುದು.

ಇನ್ನೊಂದು ಅಚ್ಚರಿ ಅಪರೂಪದ್ದು. ನೀಲಿಗಟ್ಟಿದ ವಯಸ್ಕರಲ್ಲಿ ಅಡ್ರಿನಾಲಿನ್ ಬಗೆಯ ಹಾರ್ಮೋನು ಸುರಿಸುವ ಗಡ್ಡೆಗಳು ಇತರರಿಗಿಂತ ಹೆಚ್ಚೆಂದು 2015ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಎದೆ ಡವಡವ, ಬೆವರು, ತಟ್ಟನೆ ಏರುವ ಬಿಪಿ: ಇವೆಲ್ಲ ಹಳೆಯ ಹೃದ್ರೋಗದ ಲೆಕ್ಕಕ್ಕೇ ಸುಲಭವಾಗಿ ಸೇರಿಬಿಡುತ್ತವೆ. ದೀರ್ಘಕಾಲದ ಆಮ್ಲಜನಕದ ಕೊರತೆಯೇ ಇದರ ಮೂಲವಿರಬೇಕೆಂಬುದು ಅವರ ಊಹೆ.

ಒಂದೇ ಪಂಪಿನ ಹೃದಯದವರಿಗೆ ಫ್ರಾನ್ಸಿನ ಫ್ರಾನ್ಸಿಸ್ ಫಾಂಟಾನ್ 1971ರಲ್ಲಿ ಪ್ರಕಟಿಸಿದ ಆಪರೇಷನ್ ಜೀವ ಕೊಟ್ಟಿತು. ದೇಹದ ರಕ್ತ ಪಂಪಿಲ್ಲದೆಯೇ ಶ್ವಾಸಕೋಶಕ್ಕೆ ಹರಿಯುತ್ತದೆ. ಆದರೆ ಹಿಂದೆ ಉಳಿಯುವ ಒತ್ತಡವನ್ನು ಲಿವರ್ ದಶಕಗಟ್ಟಲೆ ಹೊರುತ್ತದೆ. ಆರೋಗ್ಯವಾಗಿದ್ದೇನೆ ಅನ್ನುವವರಲ್ಲೂ ಅಲ್ಲಿ ಕಲೆಗಟ್ಟುತ್ತದೆ, ಕೆಲವರಲ್ಲಿ ಕ್ಯಾನ್ಸರ್ ಬರುತ್ತದೆ. ಕರುಳಿನಿಂದ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವುದೂ ಉಂಟು. ಹೃದಯ ತಜ್ಞರ ಪಕ್ಕದಲ್ಲಿ ಲಿವರ್ ತಜ್ಞರೂ ಕೂರಬೇಕಾದದ್ದು ಹೀಗೆ.

ಹುಟ್ಟು ಹೃದ್ರೋಗದೊಂದಿಗೆ ದೊಡ್ಡವರಾದವರ ಚಿಕಿತ್ಸೆಯನ್ನು ಅಮೆರಿಕ ಪ್ರತ್ಯೇಕ ವಿಶೇಷ ಶಾಖೆಯೆಂದು ಒಪ್ಪಿಕೊಂಡದ್ದು 2012ರಲ್ಲಿ. ಅದರ ತಜ್ಞರಾಗಬಯಸುವ ವೈದ್ಯರಿಗೆ ಮೊದಲ ಪರೀಕ್ಷೆ ನಡೆದದ್ದು 2015ರಲ್ಲಿ. ಮೊದಲ ಆಪರೇಷನ್ನಿನಿಂದ ಲೆಕ್ಕ ಹಾಕಿದರೆ ಏಳು ದಶಕ. ಇದು ತೀರಾ ತಡವಾಯಿತು.

ಬಾಲ್ಯದಲ್ಲಿ ಹೃದಯದ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದರೆ, ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿಡಿ. ಹಲ್ಲಿನ ವೈದ್ಯರಿಂದ ಹಿಡಿದು ಹೆರಿಗೆ ವೈದ್ಯರವರೆಗೆ ಎಲ್ಲರಿಗೂ ಅದನ್ನು ತೋರಿಸಿ. ಆರಾಮಾಗಿದ್ದರೂ ತಪಾಸಣೆ ಬಿಡಬೇಡಿ.